ರೆಕ್ಕೆ ಎಳೆದುಕೊಂಡು ಓಡಿದ ಆ ಹಕ್ಕಿಗೆ ನಿಜಕ್ಕೂ ಗಾಯವಾಗಿತ್ತಾ?

ಓದುಗರ ಪ್ರಶ್ನೆ: ಬೇಸಿಗೆ ರಜೆಯಲ್ಲಿ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಕಡಲತೀರದ ಒಂದು ರಕ್ಷಿತ ತಾಣಕ್ಕೆ ಹೋಗಿದ್ದೆ. ಚಳಿಗಾಲದಲ್ಲಿ ಅದೇ ಜಾಗದಲ್ಲಿ ಸಾವಿರಾರು ಹಕ್ಕಿ ನೋಡಿದ್ದೆವು. ಈ ಸಲ ತೀರ ಖಾಲಿ ಖಾಲಿ. ಬೂದು ಬಣ್ಣದ ಹತ್ತು-ಹದಿನೈದು ದೊಡ್ಡ ಹಕ್ಕಿಗಳು ಮಾತ್ರ ಒಂಟಿ ಕಾಲಲ್ಲಿ ಮಂಕಾಗಿ ನಿಂತಿದ್ದವು. ಹನ್ನೊಂದು ಗಂಟೆ ಹೊತ್ತಿಗೆ ಗುಬ್ಬಿಗಿಂತ ಸ್ವಲ್ಪ ದೊಡ್ಡದಾದ, ಮರಳಿನದೇ ಬಣ್ಣದ ಹಕ್ಕಿಯೊಂದು ನಮ್ಮ ಮುಂದೆಯೇ ರೆಕ್ಕೆ ಎಳೆದುಕೊಂಡು ಕುಂಟತೊಡಗಿತು. ಹಿಡಿದು ಪಶುವೈದ್ಯರಿಗೆ ತೋರಿಸೋಣ ಅಂತ ಟವೆಲ್ ಹಿಡಿದು ಹತ್ತು-ಹದಿನೈದು ನಿಮಿಷ ಹಿಂದೆ ಹೋದೆ. ಆಮೇಲೆ ಅದು ಆರಾಮವಾಗಿ ಹಾರಿಹೋಯಿತು! ಅಷ್ಟರಲ್ಲಿ ಮಗಳಿಗೆ ಮರಳಿನಲ್ಲಿ ಚಪ್ಪಟೆಯಾಗಿ ಮಲಗಿದ್ದ ಪುಟ್ಟ ಮರಿ ಸಿಕ್ಕಿತ್ತು. ಬಿಸಿಲು ಜಾಸ್ತಿ ಇದೆ ಅಂತ ಅದನ್ನು ಎತ್ತಿ, ಇಪ್ಪತ್ತು ಹೆಜ್ಜೆ ದೂರದ ಪೊದೆಯ ನೆರಳಲ್ಲಿ ಇಟ್ಟಳು. ಕಾವಲುಗಾರರು ಓಡಿಬಂದು ಕೂಗಾಡಿದರು. ಮನುಷ್ಯರ ವಾಸನೆ ತಾಗಿದರೆ ತಾಯಿ ಮರಿಯನ್ನು ಮುಟ್ಟುವುದಿಲ್ಲ ಅಂತ ಸ್ನೇಹಿತೆ ಹೇಳಿದಳು. ಅಂದಿನಿಂದ ಮಗಳು "ಅದು ಸತ್ತುಹೋಯ್ತಾ ಅಮ್ಮಾ?" ಅಂತ ಕೇಳುತ್ತಲೇ ಇದ್ದಾಳೆ. ನಾವು ಮಾಡಿದ್ದು ದೊಡ್ಡ ತಪ್ಪಾ? ಬೇಸಿಗೆಯಲ್ಲಿ ಇಂಥ ಕಡೆ ಹೋಗಲೇಬಾರದಾ?

ಉತ್ತರ:

ಮೊದಲು ನಿಮ್ಮ ಮಗಳಿಗೆ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಆ ಹಕ್ಕಿಯ ರೆಕ್ಕೆ ಮುರಿದಿರಲಿಲ್ಲ. ಮಗು ಮುಟ್ಟಿತು ಅನ್ನುವ ಕಾರಣಕ್ಕೆ ತಾಯಿ ಹಕ್ಕಿ ಮರಿಯನ್ನು ಬಿಟ್ಟು ಹೋಗುವುದೂ ಇಲ್ಲ. ನೀವು ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೇ ಅದು ಬಂದು ಮರಿಯನ್ನು ಕರೆದಿರುತ್ತದೆ, ಮರಿ ಓಡಿ ಹೋಗಿರುತ್ತದೆ. ಇಪ್ಪತ್ತು ಹೆಜ್ಜೆ ಅಂದರೆ ಪರಸ್ಪರ ದನಿ ಕೇಳಿಸುವಷ್ಟೇ ದೂರ. ಹಾಗಾಗಿ ಮರಿ ಬದುಕಿರುವ ಸಾಧ್ಯತೆಯೇ ಹೆಚ್ಚು.

ಹಾಗಂತ ಏನೂ ಆಗಲಿಲ್ಲ ಬಿಡಿ ಅಂದುಬಿಟ್ಟರೆ ಅದು ಸುಳ್ಳಾಗುತ್ತದೆ. ನೀವು ಹೆದರಿದ್ದು ವಾಸನೆಗೆ. ಹೆದರಬೇಕಾದದ್ದು ಆ ಹದಿನೈದು ನಿಮಿಷಕ್ಕೆ.

ನೀವು ಹೇಳಿದ ಗಾತ್ರ, ಬಣ್ಣ, ಜಾಗ ನೋಡಿದರೆ ಅದು ಪ್ಲೋವರ್ ಗುಂಪಿನ ಹಕ್ಕಿ. ನಮ್ಮ ಟಿಟ್ಟಿಭದ ಚಿಕ್ಕ ದಾಯಾದಿ ಅಂದುಕೊಳ್ಳಿ. ಯುರೋಪಿನಿಂದ ಏಷ್ಯಾದವರೆಗೆ ಅನೇಕ ಮರಳು ತೀರಗಳಲ್ಲಿ ಸಿಗುವ ಕೆಂಟಿಷ್ ಪ್ಲೋವರ್ ಹಕ್ಕಿಯನ್ನೇ ತೆಗೆದುಕೊಳ್ಳಿ. ತೂಕ ಸುಮಾರು 40 ಗ್ರಾಂ. ಅದು ಗೂಡು ಕಟ್ಟುವುದಿಲ್ಲ. ಬಯಲು ಮರಳಲ್ಲಿ ಎದೆಯಿಂದ ಒತ್ತಿ ಒಂದು ಸಣ್ಣ ಗುಳಿ ಮಾಡುತ್ತದೆ, ಒಂದೆರಡು ಚಿಪ್ಪಿನ ಚೂರು ತಂದಿಡುತ್ತದೆ, ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆಯ ಮೇಲಿನ ಕಪ್ಪು ಚುಕ್ಕೆ, ಗೀರುಗಳು ಮರಳಿನ ಜೊತೆ ಎಷ್ಟು ಬೆರೆತುಹೋಗುತ್ತವೆ ಅಂದರೆ, ಎಣಿಕೆಗೆ ಹೋದಾಗ ಗೂಡು ಎಲ್ಲಿದೆ ಅಂತ ಗೊತ್ತಿದ್ದೂ ನಾನು ಎರಡು ಮಾರು ದೂರದಲ್ಲಿ ನಿಂತು ಹುಡುಕಾಡಿದ್ದೇನೆ.

ಇಂಥ ಹಕ್ಕಿಗೆ ಜಗಳವಾಡುವ ಕೊಕ್ಕಿಲ್ಲ, ಉಗುರಿಲ್ಲ. ಇರುವುದು ನಾಟಕ ಮಾತ್ರ. ನರಿಯೋ ನಾಯಿಯೋ ಮನುಷ್ಯರೋ ಹತ್ತಿರ ಬಂದರೆ ಅದು ಗಾಯಗೊಂಡಂತೆ ಒಂದು ರೆಕ್ಕೆ ಚಾಚಿ, ಬಾಲ ಬಿಚ್ಚಿ, ನೆಲಕ್ಕೆ ಉಜ್ಜುತ್ತಾ ಹೊರಳಾಡುತ್ತದೆ. ಸುಲಭದ ಬೇಟೆ ಸಿಕ್ಕಿತು ಅಂತ ಬಂದವರು ಅದರ ಬೆನ್ನು ಹತ್ತುತ್ತಾರೆ. ಹಕ್ಕಿ ಸದಾ ನಾಲ್ಕು ಹೆಜ್ಜೆ ಮುಂದೆ. ಮರಿಯಿಂದ ಸಾಕಷ್ಟು ದೂರ ಕರೆದೊಯ್ದ ಮೇಲೆ ಹಾರಿಹೋಗುತ್ತದೆ. ನಿಮ್ಮ ವಿಷಯದಲ್ಲೂ ಅಷ್ಟೇ ಆಗಿದ್ದು. ಅದು ನಿಮ್ಮನ್ನು ಮರಿಗಳ ಹತ್ತಿರದಿಂದ ಸಾಗಹಾಕುತ್ತಿತ್ತು.

ಹಾಗಾದರೆ ನಿಜವಾದ ಗಾಯ ಯಾವುದು, ನಾಟಕ ಯಾವುದು ಅಂತ ಹೇಗೆ ತಿಳಿಯುವುದು? ನಿಜವಾಗಿ ಗಾಯಗೊಂಡ ಹಕ್ಕಿ ನಿಮ್ಮ ಕಣ್ಣಿಗೆ ಬೀಳಲು ಇಷ್ಟಪಡುವುದಿಲ್ಲ. ಸದ್ದು ಮಾಡದೆ ಕಲ್ಲಿನ ಮರೆಗೋ ಪೊದೆಗೋ ನುಸುಳುತ್ತದೆ. ನಾಟಕ ಮಾಡುವ ಹಕ್ಕಿ ನಿಮ್ಮೆದುರೇ ಬಂದು ಬೀಳುತ್ತದೆ, ಕೂಗುತ್ತದೆ. ಮುಖ್ಯವಾಗಿ, ಸ್ವಲ್ಪ ಓಡಿ ನಿಂತು ಕತ್ತು ತಿರುಗಿಸಿ ನೋಡುತ್ತದೆ, ಹಿಂದೆ ಬರುತ್ತಿದ್ದೀರಾ ಅಂತ. ನೀವು ನಿಂತರೆ ಅದು ವಾಪಸ್ ಹತ್ತಿರ ಬಂದು ಮತ್ತೆ ಜೋರಾಗಿ ಒದ್ದಾಡುತ್ತದೆ. ನೋವಿನಲ್ಲಿರುವ ಯಾವ ಹಕ್ಕಿಯೂ ಹೀಗೆ ಮಾಡುವುದಿಲ್ಲ. ಎಷ್ಟೋ ಸಲ ಎಡರೆಕ್ಕೆ "ಮುರಿದಿದ್ದು" ಮರುಕ್ಷಣ ಬಲರೆಕ್ಕೆಯೂ ಆಗುತ್ತದೆ.

ಇನ್ನೊಂದು ಉಪಾಯವೂ ಇದೆ. ಏನೂ ಇಲ್ಲದ ಜಾಗದಲ್ಲಿ ಮೊಟ್ಟೆಗೆ ಕಾವು ಕೊಡುವ ಹಾಗೆ ಗತ್ತಿನಿಂದ ಕುಳಿತುಬಿಡುತ್ತದೆ. ಗೂಡು ಅಲ್ಲಿದೆ ಅಂತ ನೀವು ಹೋದರೆ ಬರೀ ಮರಳು.

ಈಗ ಆ ಹದಿನೈದು ನಿಮಿಷದ ವಿಷಯಕ್ಕೆ ಬರೋಣ. ಕಾವು ಅಂದ ಕೂಡಲೇ ನಮಗೆ ನೆನಪಾಗುವುದು ಮೊಟ್ಟೆಯನ್ನು ಬೆಚ್ಚಗೆ ಇಡುವುದು, ಅಲ್ವಾ? ಕಡಲತೀರದ ಬೇಸಿಗೆಯಲ್ಲಿ ಹಗಲಿನ ಕೆಲಸ ಅದಕ್ಕೆ ಪೂರ್ತಿ ಉಲ್ಟಾ. ಬಿರುಬಿಸಿಲಿಗೆ ಮರಳಿನ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟಿಬಿಡುತ್ತದೆ. ಮೊಟ್ಟೆಯೊಳಗೆ ಬೆಳೆಯುತ್ತಿರುವ ಜೀವಕ್ಕೆ ಹಿತವಾಗುವುದು 37-38 ಡಿಗ್ರಿ. 40 ಡಿಗ್ರಿಗಿಂತ ಮೇಲೆ ಹೋಗಿ ಅಲ್ಲೇ ನಿಂತರೆ ಅದು ಒಳಗೇ ಬೆಂದುಹೋಗುತ್ತದೆ. ಹಾಗಾಗಿ ಹಗಲಿಡೀ ಅಪ್ಪನೋ ಅಮ್ಮನೋ ಮೊಟ್ಟೆಗೆ ಕೊಡೆಯಾಗಿ ನಿಲ್ಲಲೇಬೇಕು.

ಒಂದು ಮಧ್ಯಾಹ್ನ ನಾನು ದೂರದರ್ಶಕದಲ್ಲಿ ಇಂಥದೊಂದು ಗೂಡು ನೋಡುತ್ತಾ ಕುಳಿತಿದ್ದೆ. ಹೆಣ್ಣು ಹಕ್ಕಿ ಕುಳಿತಿರಲಿಲ್ಲ. ಮೊಟ್ಟೆಗಳ ಮೇಲೆ ಕಾಲು ಅಗಲಿಸಿ, ಸೂರ್ಯನಿಗೆ ಬೆನ್ನು ಕೊಟ್ಟು ನಿಂತಿತ್ತು. ಕೊಕ್ಕು ತೆರೆದಿತ್ತು, ಗಂಟಲು ಪಟಪಟ ಅದುರುತ್ತಿತ್ತು. ಇದ್ದಕ್ಕಿದ್ದ ಹಾಗೆ ಎದ್ದು ನೀರಿನಂಚಿಗೆ ಓಡಿತು. ಅಲ್ಲಿ ಕುಕ್ಕರಿಸಿ, ಹೊಟ್ಟೆಯನ್ನು ನೀರಲ್ಲಿ ಅತ್ತಿತ್ತ ಆಡಿಸಿ ಚೆನ್ನಾಗಿ ತೋಯಿಸಿಕೊಂಡಿತು. ಕುಡಿಯಲಿಲ್ಲ, ಒಂದು ಹುಳವನ್ನೂ ಹೆಕ್ಕಲಿಲ್ಲ. ನೇರ ವಾಪಸ್ ಓಡಿಬಂದು ಮೊಟ್ಟೆಗಳ ಮೇಲೆ ನಿಂತಿತು. ಎದೆಯ ಗರಿಯ ತುದಿಯಲ್ಲಿ ಹನಿ ಕಟ್ಟಿ, ಒಂದೊಂದಾಗಿ ಮೊಟ್ಟೆಯ ಮೇಲೆ ಉದುರಿತು. ಸ್ವಲ್ಪ ಹೊತ್ತಿನಲ್ಲೇ ಗರಿ ಒಣಗಿತು. ಮತ್ತೆ ನೀರಿಗೆ ಓಟ. ಟಿಟ್ಟಿಭ, ಮೆಟ್ಟುಗಾಲು ಹಕ್ಕಿ, ರೀವ (ಟರ್ನ್) ಹಕ್ಕಿಗಳಲ್ಲೂ ಹೀಗೆ ಹೊಟ್ಟೆ ತೋಯಿಸುವ ಅಭ್ಯಾಸ ಇದೆ. ಆ ದಿನ ಇಬ್ಬರು ನೀರಿನಂಚಲ್ಲಿ ಫೋಟೊ ತೆಗೆದುಕೊಳ್ಳುತ್ತಾ ನಿಂತುಬಿಟ್ಟರು. ಗೂಡಿನ ಹತ್ತಿರ ಅವರು ಬಂದೇ ಇರಲಿಲ್ಲ. ನೀರಿಗೂ ಗೂಡಿಗೂ ನಡುವೆ ನಿಂತಿದ್ದರು, ಅಷ್ಟೇ. ಹಕ್ಕಿ ನೀರಿಗೂ ಹೋಗಲಾರದೆ, ಗೂಡಿಗೂ ಬರಲಾರದೆ ಅಲ್ಲೇ ಅತ್ತಿಂದಿತ್ತ ಓಡಾಡಿತು. ಅವರಿಗೆ ಅದು ಗೊತ್ತೂ ಆಗಲಿಲ್ಲ. ನಾನು ಹೋಗಿ ಹೇಳಿದ ತಕ್ಷಣ ಪಾಪ, ಇಬ್ಬರೂ ಸರಿದುಹೋದರು.

ಮನುಷ್ಯರಿಂದ ತೀರದ ಹಕ್ಕಿಗಳಿಗೆ ಆಗುವ ಹೆಚ್ಚಿನ ಹಾನಿ ಹೀಗೇ ಆಗುವುದು. ಕೆಟ್ಟ ಮನಸ್ಸಿನಿಂದ ಅಲ್ಲ, ನಾವು ನಿಂತ ಜಾಗದಿಂದ.

ನಿಮ್ಮ ವಿಷಯದಲ್ಲಿ ಒಂದು ಸಮಾಧಾನ ಇದೆ. ಮರಿ ಕಂಡಿದೆ ಅಂದರೆ ಮೊಟ್ಟೆಯ ಹಂತ ದಾಟಿದೆ. ಪ್ಲೋವರ್ ಮರಿ ಕೋಳಿಮರಿಯ ಹಾಗೆ, ಒಡೆದು ಬಂದ ಕೆಲವೇ ಗಂಟೆಗಳಲ್ಲಿ ಓಡುತ್ತದೆ, ತನ್ನ ಊಟ ತಾನೇ ಹುಡುಕಿಕೊಳ್ಳುತ್ತದೆ. ತೂಕ ಬರೀ ಆರು ಗ್ರಾಂ ಆಸುಪಾಸು. ಅಪಾಯ ಅಂತ ಅಮ್ಮ ಕೂಗಿದರೆ ಇದ್ದಲ್ಲೇ ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ನಿಮ್ಮ ಮಗಳು ಕಂಡಿದ್ದು ಅದನ್ನೇ. ಅದು ಸುಸ್ತಾಗಿ ಬಿದ್ದಿರಲಿಲ್ಲ, ಅಡಗಿತ್ತು. ಆದರೆ ಮೊದಲ ಕೆಲವು ದಿನ ಮರಿಗೆ ಮೈಬಿಸಿ ಹಿಡಿತದಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಆಗಾಗ ತಾಯಿ ತಂದೆಯ ಹೊಟ್ಟೆಯಡಿ ಸೇರಬೇಕು. ಚಳಿಗೆ ಕಾವಿಗಾಗಿ, ಬಿಸಿಲಿಗೆ ನೆರಳಿಗಾಗಿ. ನೀವು ದೊಡ್ಡ ಹಕ್ಕಿಯ ಹಿಂದೆ ಹೋದಷ್ಟು ಹೊತ್ತೂ ಉಳಿದ ಮರಿಗಳು ಬಿಸಿ ಮರಳಿಗೆ ಮೈಯೊತ್ತಿ ಮಲಗಿರುತ್ತವೆ. ಒಂದು ಸಲ ಹದಿನೈದು ನಿಮಿಷ ಆದರೆ ಅವು ತಾಳಿಕೊಂಡಾವು. ದಿನಕ್ಕೆ ಹತ್ತು ಕುಟುಂಬ ಹೀಗೆ ಮಾಡಿದರೆ ತಾಳಲಾರವು. ಕಾವಲುಗಾರರು ಕೂಗಾಡಿದ್ದು ಅದಕ್ಕೇ. ಅವರು ಬೆಳಗಿನಿಂದ ಇಂಥ ಎಷ್ಟು ಜನರನ್ನು ನೋಡಿದ್ದರೋ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಪೊದೆಯ ನೆರಳಿನ ಬಗ್ಗೆ ಒಂದು ಮಾತು. ಅದು ನಮಗೆ ತಂಪು. ಆದರೆ ಈ ಹಕ್ಕಿಗಳು ಬೇಕಂತಲೇ ಬಟ್ಟಬಯಲು ಆರಿಸಿಕೊಳ್ಳುತ್ತವೆ, ಶತ್ರು ದೂರದಿಂದಲೇ ಕಾಣಲಿ ಅಂತ. ಪೊದೆಯೊಳಗೆ ಮುಂಗುಸಿ ಇರಬಹುದು, ಮೇಲೆ ಕಾಗೆ ಕೂತಿರಬಹುದು. ಮರಿಯನ್ನು ಸಿಕ್ಕ ಜಾಗದಲ್ಲೇ ಬಿಡುವುದು ಅದಕ್ಕೇ ಒಳ್ಳೆಯದು.

ವಾಸನೆಯ ಕತೆ ಎಲ್ಲಿಂದ ಬಂತು? ಅದರಲ್ಲಿ ಎಳ್ಳಿನಷ್ಟು ನಿಜ ಇದೆ. ಪದೇ ಪದೇ ತೊಂದರೆಯಾದರೆ ಹಕ್ಕಿಗಳು ಗೂಡು ಬಿಡುತ್ತವೆ. ಮೊಟ್ಟೆ ಇಡಲು ಶುರು ಮಾಡಿದ ಹೊಸದರಲ್ಲಂತೂ ಬೇಗ ಬಿಟ್ಟುಬಿಡುತ್ತವೆ. ಕಾವಿಗೆ, ಮರಿಗೆ ಹೆಚ್ಚು ದಿನ ಶ್ರಮ ಹಾಕಿದ ಮೇಲೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅಂದರೆ ಹಕ್ಕಿ ಲೆಕ್ಕ ಹಾಕುವುದು ಅಪಾಯವನ್ನು, ಕೈಯ ವಾಸನೆಯನ್ನಲ್ಲ. ಹಕ್ಕಿಗಳಿಗೆ ಮೂಗೇ ಇಲ್ಲ ಅನ್ನುವುದೂ ತಪ್ಪು. ಕಡಲ ಮೇಲೆ ಬದುಕುವ ಕೆಲವು ಹಕ್ಕಿಗಳು ವಾಸನೆ ಹಿಡಿದೇ ಆಹಾರ ಹುಡುಕುತ್ತವೆ. ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಕೆಲಸದಲ್ಲಿ ಸಂಶೋಧಕರು ಮರಿಗಳನ್ನು ಕೈಯಲ್ಲೇ ಹಿಡಿದು ತೂಗಿ ವಾಪಸ್ ಬಿಡುತ್ತಾರೆ. ತಾಯಿ ತಂದೆ ಬಂದು ಕರೆದುಕೊಂಡು ಹೋಗುತ್ತವೆ.

ಮುಂದೆ ಮರಿ ಕಂಡರೆ ಏನು ಮಾಡಬೇಕು? ಹೆಚ್ಚಿನ ಸಲ ಉತ್ತರ ಒಂದೇ: ನಿಂತಲ್ಲೇ ನಿಂತು ಕಾಲಬುಡ ನೋಡಿಕೊಳ್ಳಿ, ಬಂದ ಹೆಜ್ಜೆಗುರುತಿನ ಮೇಲೆಯೇ ಹಿಂದೆ ಹೋಗಿ. ಒಂದು ಮರಿ ಕಂಡಿದೆ ಅಂದರೆ ಇನ್ನೆರಡು ನಿಮ್ಮ ಚಪ್ಪಲಿಯ ಪಕ್ಕದಲ್ಲೇ ಇರಬಹುದು. ವಾಹನ ಓಡಾಡುವ ದಾರಿಯಲ್ಲೋ, ನೀರು ಏರಿ ಬರುವ ಕಡೆಯೋ ಮರಿ ಸಿಕ್ಕಿಕೊಂಡಿದ್ದರೆ ಮಾತ್ರ ಎತ್ತಿ, ಅದು ಹೊರಟಿದ್ದ ದಿಕ್ಕಿನಲ್ಲೇ ಕೆಲವು ಮಾರು ಆಚೆ ಬಯಲಲ್ಲಿ ಇಟ್ಟು ತಕ್ಷಣ ದೂರ ಸರಿಯಿರಿ. ಅಲ್ಲೇ ನಿಂತು ತಾಯಿ ಬರುತ್ತದಾ ಅಂತ ಕಾದರೆ, ನೀವು ಇರುವ ತನಕ ಅದು ಬರುವುದಿಲ್ಲ. ಮನೆಗೆ ಒಯ್ಯುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಈ ಮರಿಗಳು ತಿನ್ನುವುದು ಜೀವಂತ ಸಣ್ಣ ಹುಳ, ನೊಣ. ಅನ್ನದ ಅಗುಳು, ಹಾಲು, ಬ್ರೆಡ್ ಕೊಟ್ಟು ಸಾಕಿದ್ದು ಬದುಕಿದ್ದನ್ನು ನಾನು ಕಂಡಿಲ್ಲ. ಬಹಳಷ್ಟು ದೇಶಗಳಲ್ಲಿ ಅದು ಕಾನೂನಿಗೂ ವಿರುದ್ಧ.

ನಿಜವಾದ ಗಾಯ ಬೇರೆ ಮಾತು. ಮೀನಿನ ಗಾಳದ ದಾರ ಕಾಲಿಗೆ ಸುತ್ತಿದೆ, ರಕ್ತ ಬರುತ್ತಿದೆ, ನೀವು ದೂರ ಹೋಗಿ ನೋಡಿದರೂ ಹಕ್ಕಿ ಒಂದೇ ಕಡೆ ಜೋತಾಡುತ್ತಾ ಕೂತಿದೆ ಅಂದರೆ ತಾಣದ ಸಿಬ್ಬಂದಿಗೆ ತಿಳಿಸಿ. ಬರುವವರೆಗೆ ಕಾಯಲು ಆಗದಿದ್ದರೆ ಟವೆಲ್ ಮುಚ್ಚಿ ಹಿಡಿದು, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು, ಕತ್ತಲಲ್ಲಿ ಸುಮ್ನೆ ಬಿಡಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯಬಹುದು. ಕೊಕ್ಕರೆ, ಬೆಳ್ಳಕ್ಕಿ ಥರದ ಉದ್ದ ಕೊಕ್ಕಿನವು ಕಣ್ಣಿಗೇ ತಿವಿಯುತ್ತವೆ. ಅವನ್ನು ಮಾತ್ರ ತಿಳಿದವರೇ ಹಿಡಿಯಲಿ.

ಇನ್ನು ಆ ಮಂಕಾದ ಬೂದು ಹಕ್ಕಿಗಳು. ಅವಕ್ಕೆ ರೋಗ ಬಂದಿರಲಿಲ್ಲ. ಚಳಿಗಾಲದಲ್ಲಿ ನೀವು ಕಂಡ ಸಾವಿರಾರು ಹಕ್ಕಿಗಳಲ್ಲಿ ಹೆಚ್ಚಿನವು ಈಗ ಉತ್ತರ ಧ್ರುವದ ಸುತ್ತಮುತ್ತ ಮರಿ ಮಾಡುತ್ತಿವೆ. ಅಲ್ಲಿ ಬೇಸಿಗೆಯಲ್ಲಿ ಕತ್ತಲಾಗುವುದೇ ಇಲ್ಲ, ಹುಳುಹುಪ್ಪಟೆಗೆ ಲೆಕ್ಕವಿಲ್ಲ. ಆದರೆ ಕಳೆದ ವರ್ಷ ಹುಟ್ಟಿದ ಮರಿಗಳಿಗೆ ಈ ವರ್ಷ ಮರಿ ಮಾಡುವ ವಯಸ್ಸಾಗಿಲ್ಲ. ಅಷ್ಟು ದೂರ ಹೋಗಿ ಮಾಡುವುದಾದರೂ ಏನು? ಗಾಡ್ವಿಟ್, ಕರ್ಲ್ಯೂ ಥರದ ದೊಡ್ಡ ಜಾತಿಯ ಎಳೆಯ ಹಕ್ಕಿಗಳು ಚಳಿಗಾಲ ಕಳೆದ ತೀರದಲ್ಲೇ ಬೇಸಿಗೆಯನ್ನೂ ಕಳೆಯುತ್ತವೆ. ಕೆಲವು ಜಾತಿಗಳಲ್ಲಿ ಎರಡು-ಮೂರು ವರ್ಷ ಹಾಗೇ ಇರುತ್ತವೆ. ಮದುವೆಯ ಬಣ್ಣ ಬಂದಿರುವುದಿಲ್ಲ, ಗರಿ ಸವೆದಿರುತ್ತದೆ. ಅದಕ್ಕೇ ಮಂಕಾಗಿ ಕಾಣುತ್ತವೆ. ಒಂಟಿ ಕಾಲಲ್ಲಿ ನಿಂತಿದ್ದು ನಿದ್ದೆಗೆ. ನೀರು ಏರಿ ಕೆಸರು ಮುಚ್ಚಿದಾಗ ತಿನ್ನಲು ಜಾಗ ಇರುವುದಿಲ್ಲ, ಇಳಿಯುವವರೆಗೆ ವಿಶ್ರಾಂತಿ.

ಅವುಗಳ ದೇಹದ ತಾಕತ್ತು ಎಷ್ಟು ಅಂತ ಮಗಳಿಗೆ ಹೇಳಬೇಕಾದರೆ ಇದನ್ನು ಹೇಳಿ. 2022ರಲ್ಲಿ ಬೆನ್ನಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿದ್ದ ಒಂದು ಪಟ್ಟೆಬಾಲದ ಗಾಡ್ವಿಟ್, ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಹಾರಿತು. ಹನ್ನೊಂದು ದಿನ, ಎಲ್ಲೂ ಇಳಿಯದೆ. ಆಗ ಅದಕ್ಕೆ ಸುಮಾರು ಐದು ತಿಂಗಳು ವಯಸ್ಸು! ನಿಮ್ಮ ತೀರದಲ್ಲಿ ನಿಂತ ಬೂದು ಹಕ್ಕಿಯೂ ಅಂಥದೇ ಪಯಣ ಮುಗಿಸಿ ಬಂದಿರುವ ಎಳೆಯ ಹಕ್ಕಿ. ಅದು ನಿಂತಿದ್ದರೆ ನಿಲ್ಲಲು ಬಿಡಿ. ಮಕ್ಕಳು ಓಡಿ ಎಬ್ಬಿಸಿದರೆ ನೋಡಲು ಚಂದ ಕಾಣುತ್ತದೆ ನಿಜ. ಆದರೆ ಅದು ಕೂಡಿಟ್ಟ ಕೊಬ್ಬು ಖರ್ಚಾಗುತ್ತದೆ.

ಹೋಗಲೇಬಾರದಾ ಅಂತ ಕೇಳಿದ್ದೀರಿ. ಹೋಗಿ, ಖಂಡಿತ ಹೋಗಿ. ಜನ ಹೋಗದ ತೀರಕ್ಕೆ ದನಿ ಎತ್ತುವವರೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಹತ್ತಿರ ಕೋಲ್ ಆಯಿಲ್ ಪಾಯಿಂಟ್ ಅನ್ನುವ ರಕ್ಷಿತ ತಾಣ ಇದೆ. ಜನಸಂಚಾರ ಹೆಚ್ಚಾಗಿ ಅಲ್ಲಿ ಸ್ನೋವಿ ಪ್ಲೋವರ್ ಹಕ್ಕಿ ದಶಕಗಳ ಕಾಲ ಮರಿ ಮಾಡುವುದನ್ನೇ ಬಿಟ್ಟಿತ್ತು. 2001ರಲ್ಲಿ ತೀರದ ಒಂದು ಭಾಗಕ್ಕೆ ಹಗ್ಗ ಕಟ್ಟಿದರು. ಬಂದವರಿಗೆ ತಿಳಿಸಿ ಹೇಳಲು ಸ್ವಯಂಸೇವಕರನ್ನು ನಿಲ್ಲಿಸಿದರು. ಹಕ್ಕಿ ಮತ್ತೆ ಮರಿ ಮಾಡತೊಡಗಿತು. ತೀರ ಮುಚ್ಚಲಿಲ್ಲ, ಜನ ಇಂದಿಗೂ ನಡೆದಾಡುತ್ತಾರೆ. ಒಂದು ಹಗ್ಗ, ಒಬ್ಬ ಮಾತಾಡುವ ಮನುಷ್ಯ, ಅಷ್ಟರಿಂದ ಇಷ್ಟಾಯಿತು ಅನ್ನುವುದು ನನಗೆ ಇವತ್ತಿಗೂ ಧೈರ್ಯ ಕೊಡುವ ವಿಷಯ.

ಹೇಗೆ ಹೋಗಬೇಕು ಅಂದರೆ, ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಿ. ಮೊದಲ ಎರಡು ಗಂಟೆಯಲ್ಲಿ ಹಕ್ಕಿಗಳು ಚುರುಕಾಗಿರುತ್ತವೆ, ಮರಳು ತಣ್ಣಗಿರುತ್ತದೆ, ಅಕಸ್ಮಾತ್ ತಾಯಿ ಏಳಬೇಕಾಗಿ ಬಂದರೂ ಮೊಟ್ಟೆ ಬೇಯುವುದಿಲ್ಲ. ಹತ್ತು ಗಂಟೆ ದಾಟಿತು ಅಂದರೆ ಬಿಸಿಗಾಳಿ ಕುದಿಯತೊಡಗಿ ಬೈನಾಕ್ಯುಲರಿನಲ್ಲೂ ಎಲ್ಲ ನಡುಗಿದಂತೆ ಕಾಣುತ್ತದೆ. ನೀವು ಹೋಗಿದ್ದು ಹನ್ನೊಂದಕ್ಕೆ. ತೀರ ಖಾಲಿ ಅನ್ನಿಸಲು ಅದೂ ಒಂದು ಕಾರಣ.

ಉಬ್ಬರವಿಳಿತದ ಸಮಯವನ್ನು ಮೊದಲೇ ನೋಡಿಟ್ಟುಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ದೂರದ ಕೆಸರಲ್ಲಿ ಚುಕ್ಕೆಗಳ ಹಾಗೆ ಕಾಣುತ್ತವೆ. ಉಬ್ಬರಕ್ಕೆ ಒಂದೆರಡು ಗಂಟೆ ಮುಂಚೆ ಒಂದು ಕಡೆ ಸುಮ್ಮನೆ ಕುಳಿತರೆ ನೀರೇ ಅವನ್ನು ನಿಮ್ಮ ಹತ್ತಿರಕ್ಕೆ ತಳ್ಳಿಕೊಂಡು ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ನೀರು ಇನ್ನೂ ಮೇಲೆ ಬರುತ್ತದೆ. ಟಿಟ್ಟಿಭದ ಮೊಟ್ಟೆಯನ್ನು ಸಮುದ್ರ ಹೊತ್ತೊಯ್ದ ಹಳೇ ಕತೆ ಮಗಳಿಗೆ ಹೇಳಿದ್ದೀರಾ? ತೀರದ ಹಕ್ಕಿಗಳಿಗೆ ಅದು ಪ್ರತಿ ಬೇಸಿಗೆಯಲ್ಲೂ ನಡೆಯುವ ಸಂಗತಿ. ದೊಡ್ಡ ಉಬ್ಬರದಲ್ಲಿ ಗೂಡು ಕೊಚ್ಚಿಹೋದರೆ ಅವು ಮತ್ತೆ ಗುಳಿ ತೋಡುತ್ತವೆ, ಮತ್ತೆ ಮೊಟ್ಟೆ ಇಡುತ್ತವೆ.

ನಡೆಯುವುದಾದರೆ ಒದ್ದೆ ಮರಳಿನ ಮೇಲೆ, ಅಲೆ ಬಂದು ಹೋಗುವ ಅಂಚಿನಲ್ಲಿ ನಡೆಯಿರಿ. ಗೂಡು ಇರುವುದು ಉಬ್ಬರದ ಗೆರೆಯ ಮೇಲಿನ ಒಣ ಮರಳಲ್ಲಿ. ಅಂಚಿನಲ್ಲೂ ನಡೆಯುತ್ತಿರಿ, ತುಂಬಾ ಹೊತ್ತು ನಿಲ್ಲಬೇಡಿ. ಯಾಕೆ ಅಂತ ಈಗ ನಿಮಗೆ ಗೊತ್ತು. ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ, ಹಗ್ಗ ಕಟ್ಟಿದ್ದರೂ ಹಕ್ಕಿಗೆ ಅದು ನರಿಯೇ. ಡ್ರೋನ್ ಬೇಡವೇ ಬೇಡ. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವ ಅಭ್ಯಾಸ ಈಗ ಜಾಸ್ತಿಯಾಗಿದೆ, ಮರಿ ಮಾಡುವ ಕಾಲದಲ್ಲಿ ಅದು ಬೇರೊಂದು ಹಕ್ಕಿ ಜಾಗ ಕಸಿಯಲು ಬಂದಿದೆ ಅನ್ನುವ ಸುಳ್ಳು ಸುದ್ದಿ.

ಫೋಟೊಗೆ ಎಷ್ಟು ಹತ್ತಿರ ಹೋಗಬಹುದು ಅಂತ ಎಲ್ಲರೂ ಕೇಳುತ್ತಾರೆ. ಮೀಟರ್ ಲೆಕ್ಕಕ್ಕಿಂತ ಹಕ್ಕಿಯನ್ನೇ ನೋಡಿ. ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿತಾ, ಒಂದೇ ಸಮ ಕೂಗತೊಡಗಿತಾ, ಎದ್ದು ನಿಂತಿತಾ? ನೀವು ಆಗಲೇ ಹತ್ತಿರ ಬಂದಾಯಿತು, ಹಿಂದೆ ಹೋಗಿ. ರೀವಗಳು ತಲೆಯ ಮೇಲೆ ಕಿರುಚುತ್ತಾ ಎರಗಿದರೆ ನೀವು ಅವುಗಳ ಕಾಲೊನಿಯ ಒಳಗೇ ಇದ್ದೀರಿ. ಇಡೀ ಗುಂಪು ಮೇಲೆದ್ದ ಕ್ಷಣವೇ ಕಾಗೆ, ಕಡಲಹಕ್ಕಿಗಳು ಮೊಟ್ಟೆಗೆ ಇಳಿಯುತ್ತವೆ. ಗೂಡಿನ ಚಿತ್ರವನ್ನು ಜಾಗದ ಗುರುತಿನೊಂದಿಗೆ ಎಲ್ಲೂ ಹಾಕಬೇಡಿ.

ಬೇಸಿಗೆಯಲ್ಲಿ ಹಕ್ಕಿ ಬಿಟ್ಟು ಬೇರೆಯೂ ಕಾಣುತ್ತದೆ. ಮುಂಜಾನೆಯ ಮರಳು ರಾತ್ರಿಯ ದಿನಚರಿ ಇದ್ದ ಹಾಗೆ. ನೀರುನಾಯಿಯ ಹೆಜ್ಜೆ, ಏಡಿಗಳು ಉಂಡೆ ಕಟ್ಟಿ ಬಿಟ್ಟ ಮರಳು, ಕೆಲವು ತೀರಗಳಲ್ಲಿ ಟ್ರ್ಯಾಕ್ಟರ್ ಚಕ್ರದ ಗುರುತಿನಂಥ ಕಡಲಾಮೆಯ ಜಾಡು. ಜಾಡು ಕಂಡರೆ ಅಗೆಯಬೇಡಿ, ಸಿಬ್ಬಂದಿಗೆ ಹೇಳಿ. ಆಮೆಯ ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಮೊಟ್ಟೆ ಹೂತ ಮರಳಿನ ಬಿಸಿಯೇ ತೀರ್ಮಾನಿಸುತ್ತದೆ, ಹೆಚ್ಚು ಬಿಸಿಯಾದರೆ ಹೆಣ್ಣು. ಇದನ್ನು ಕೇಳಿ ಬೆರಗಾಗದ ಮಗುವನ್ನು ನಾನು ನೋಡಿಲ್ಲ.

ಮುಂದಿನ ಸಲ ಹೋದಾಗ ಬೈನಾಕ್ಯುಲರ್ ಮಗಳ ಕೈಗೆ ಕೊಡಿ. ಹಕ್ಕಿ ಹುಡುಕು ಅನ್ನಬೇಡಿ, ನೀರಿನಂಚು ನೋಡುತ್ತಿರು ಅನ್ನಿ. ಪುಟ್ಟ ಹಕ್ಕಿಯೊಂದು ಓಡಿಬಂದು, ಕುಕ್ಕರಿಸಿ ಹೊಟ್ಟೆ ತೋಯಿಸಿಕೊಂಡು, ಒಂದು ಹುಳವನ್ನೂ ಹೆಕ್ಕದೆ ವಾಪಸ್ ಓಡಿದರೆ, ಅದು ಓಡಿದ ಕಡೆ ಗೂಡೋ ಮರಿಯೋ ಇದೆ ಅಂತ ಅವಳಿಗೇ ಗೊತ್ತಾಗುತ್ತದೆ. ಆಗ ಯಾವ ಕಡೆ ಕಾಲಿಡಬಾರದು ಅಂತ ನಿಮಗೆ ಅವಳೇ ಹೇಳುತ್ತಾಳೆ.